ದೇವರ ದನ ದಾಟುವ ದಾರಿ

ಚಳ್ಳಕೆರೆಯನ್ನು ಹೊರಗಿನಿಂದ ಬಳಸಿ ಹೋಗುವ ಹೊಸ ರಸ್ತೆಯ ಗೆರೆ ಎಳೆದವಳು ನಾನೇ. ಎಲ್ಲಿ ಎಳೆಯಬೇಕು ಎಂದು ತೀರ್ಮಾನಿಸಿದವರು ಬೇರೆ. ಆದರೆ ಟ್ರೇಸಿಂಗ್ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ, ಉಸಿರು ಬಿಗಿಹಿಡಿದು ಎಳೆದ ಕೈ ನನ್ನದು. ಗೆರೆ ಬಹಳ ಚೆನ್ನಾಗಿ ಬಂದಿತ್ತು. ಎಂಜಿನಿಯರ್ ಸಾಹೇಬರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಶಹಬ್ಬಾಸ್ ಎಂದಿದ್ದರು. ಇಷ್ಟು ವರ್ಷಗಳಾದ ಮೇಲೂ ಆ ಶಹಬ್ಬಾಸ್ ನೆನಪಾದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ರಸ್ತೆ ಕೆಲಸ ನೋಡಿಕೊಳ್ಳುವ ಒಂದು ಸಣ್ಣ ಕಚೇರಿಯಲ್ಲಿ ನಾನು ಟ್ರೇಸರ್. ಸಾಹೇಬರು ಪೆನ್ಸಿಲಿನಲ್ಲಿ ಹಾಕಿದ ನಕ್ಷೆಯನ್ನು ಶಾಯಿಯಲ್ಲಿ ನೀಟಾಗಿ ಇಳಿಸುವುದು ನನ್ನ ಕೆಲಸ. ನಮ್ಮೂರು ನನ್ನಿವಾಳದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ನಮ್ಮ ಕೇರಿಯಲ್ಲಿ ನೌಕರಿ ಹಿಡಿದ ಮೊದಲ ಹೆಣ್ಣುಮಗಳು ನಾನು. ಅದಕ್ಕೆ ಮರ್ಯಾದೆ ಎಷ್ಟು ಸಿಕ್ಕಿತೋ ಚುಚ್ಚುಮಾತೂ ಅಷ್ಟೇ ಸಿಕ್ಕಿತು. ಕೈಗಡಿಯಾರ ಕಟ್ಟಿಕೊಂಡು ಬಸ್ಸಿಗೆ ಓಡುವಾಗ ಜಗುಲಿಯ ಮೇಲೆ ಕೂತ ದೊಡ್ಡವ್ವ ಯಾರಿಗೋ ಹೇಳುವ ಹಾಗೆ ನನಗೇ ಹೇಳುತ್ತಿದ್ದಳು, "ಆತು ಬಿಡ್ರಿ, ಇವ್ಳು ಇನ್ನು ಪ್ಯಾಟೆ ಪಾಲು." ನಾನು ಕೇಳಿಸದವಳ ಹಾಗೆ ಹೋಗುತ್ತಿದ್ದೆ. ಕೇಳಿಸುತ್ತಿತ್ತು.

ಊರು ಬೆಳೆಯುತ್ತಿತ್ತು, ರಸ್ತೆ ಮಾತ್ರ ಇದ್ದಷ್ಟೇ ಇತ್ತು. ಶೇಂಗಾ ಸುಗ್ಗಿಯಲ್ಲಿ ಎಣ್ಣೆ ಮಿಲ್ಲಿಗೂ ಮಾರುಕಟ್ಟೆಗೂ ಬಂದ ಲಾರಿಗಳು ಸಾಲುಗಟ್ಟಿ ನಿಂತರೆ ಬಸ್ಸುಗಳು ನಿಲ್ದಾಣದ ಬಾಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಖಾಸಗಿ ಬಸ್ಸಿನವನು ಸರ್ಕಾರಿ ಬಸ್ಸಿನವನಿಗೆ ಬೈಯುತ್ತಿದ್ದ, ಸರ್ಕಾರಿ ಬಸ್ಸಿನವನು ಆಟೋದವನಿಗೆ ಬೈಯುತ್ತಿದ್ದ, ಆಟೋದವನು ಎಲ್ಲರಿಗೂ ಬೈಯುತ್ತಿದ್ದ. ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸೊಬ್ಬಳನ್ನು ಗಾಡಿಯಿಂದ ಇಳಿಸಿ, ಲಾರಿಗಳ ಸಂದಿಯಲ್ಲಿ ನಡೆಸಿಕೊಂಡು ಆಸ್ಪತ್ರೆಗೆ ಕರೆದೊಯ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ಇನ್ನಿಪ್ಪತ್ತು ವರ್ಷಕ್ಕೆ ಊರಿನ ಓಡಾಟ ಹೇಗಿರಬೇಕು ಎಂದು ಯೋಜನೆ ಮಾಡುವ ಕೆಲಸ ನಮ್ಮ ಕಚೇರಿಗೆ ಬಂದಾಗ ನನಗೆ ನಿಜವಾಗಿ ಖುಷಿಯಾಗಿತ್ತು. ದೊಡ್ಡ ಬಸ್ ನಿಲ್ದಾಣ, ಆಟೋಗಳಿಗೆ ಬೇರೆ ಜಾಗ, ಲಾರಿಗಳು ಊರೊಳಗೆ ನುಗ್ಗದೆ ಹೊರಗಿನಿಂದಲೇ ಹೋಗಲು ಒಂದು ರಸ್ತೆ. ಇದರಲ್ಲಿ ತಪ್ಪು ಹುಡುಕುವವನು ಎಂದೂ ಆ ಲಾರಿಗಳ ನಡುವೆ ಸಿಕ್ಕಿಕೊಂಡವನಲ್ಲ ಎಂದೇ ನಾನು ಈಗಲೂ ಹೇಳುತ್ತೇನೆ.

ನನ್ನ ಅಣ್ಣ ಕಿಲಾರಿ. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ದೇವರ ಹೆಸರಿಗೆ ಬಿಟ್ಟ ದನಗಳಿರುತ್ತವೆ. ಅವನ್ನು ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಹೊಸ ಬಟ್ಟೆ ಹೊದಿಸಿ ಮಣ್ಣು ಮಾಡುತ್ತೇವೆ. ಅವುಗಳನ್ನು ಕಾಯುವವನೇ ಕಿಲಾರಿ. ಊರಾಚೆಯ ಮುಳ್ಳುಬೇಲಿಯ ರೊಪ್ಪದಲ್ಲಿ ದನಗಳ ಜೊತೆಗೇ ಅವನ ವಾಸ. ಅಣ್ಣ ಹದಿನೆಂಟು ತುಂಬುವ ಮೊದಲೇ ಕಂಬಳಿ ಹೆಗಲಿಗೆ ಹಾಕಿಕೊಂಡು ರೊಪ್ಪ ಸೇರಿದವನು. ಕಾಲಿಗೆ ಚಪ್ಪಲಿ ಮೆಟ್ಟಿದ್ದನ್ನು ನಾನು ಕಾಣೆ. ಹಬ್ಬಕ್ಕೆ ಮನೆಗೆ ಬಂದರೂ ಉಂಡ ಕೈ ಒಣಗುವ ಮೊದಲು ಎದ್ದು ಹೊರಡುತ್ತಿದ್ದ.

ನಮ್ಮ ಮನೆಯಲ್ಲಿ ಇನ್ನೊಂದು ಕಟ್ಟುನಿಟ್ಟಿತ್ತು. ದೇವರ ದನವನ್ನು ಎಣಿಸಬಾರದು. ಶಾಲೆಗೆ ಸೇರಿದ ಹೊಸತರಲ್ಲಿ, ಕಲಿತದ್ದನ್ನು ತೋರಿಸುವ ಹುರುಪಿನಲ್ಲಿ, ರೊಪ್ಪದ ಬೇಲಿ ಹಿಡಿದು ನಿಂತು ಒಂದು, ಎರಡು ಎಂದು ಶುರು ಮಾಡಿದ್ದೆ. ಅವ್ವ ಓಡಿ ಬಂದು ಬಾಯಿ ಮೇಲೆ ಹೊಡೆದಳು. "ಎಣಿಸಿದ್ರೆ ನಮ್ಮವು ಅಂದಂಗಾಗ್ತೈತೆ ಕಣೇ. ದೇವ್ರ ಸೊತ್ತು ನಮ್ಮದು ಅಂದ್ರೆ ಉಳೀತಾವಾ?" ಅವ್ವ ನನಗೆ ಹೊಡೆದದ್ದು ಅದೊಂದೇ ಸಲ. ಎಣಿಸದೆ ಹೋದರೆ ಒಂದು ತಪ್ಪಿಸಿಕೊಂಡದ್ದು ಹೇಗೆ ಗೊತ್ತಾಗುತ್ತದೆ ಎಂದು ಆಮೇಲೆ ಅಣ್ಣನನ್ನು ಗುಟ್ಟಾಗಿ ಕೇಳಿದೆ. "ಉಣ್ಣಾಕೆ ಕುಂತಾಗ ಅಪ್ಪ ಬಂದಿಲ್ಲ ಅಂತ ನೀನು ಎಣಿಸಿ ತಿಳ್ಕೊಂತೀಯಾ?" ಎಂದು ನಕ್ಕ. ನನ್ನ ಬುದ್ಧಿಗೆ ಅದು ಆಗಲೇ ಸರಿಯಾಗಿ ಕಂಡಿತು.

ನಕ್ಷೆ ಇನ್ನೂ ಪೆನ್ಸಿಲಿನಲ್ಲಿದ್ದಾಗಲೇ ನನಗೆ ತೊಡಕು ಕಂಡಿತ್ತು. ರೊಪ್ಪ ಗೆರೆಯ ಆ ಕಡೆ, ದನ ಮೇಯುವ ಬಯಲು ಮತ್ತು ನೀರಿನ ಕಟ್ಟೆ ಈ ಕಡೆ. ದಿನಾ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ದಾಟಲೇಬೇಕು. ರಸ್ತೆ ಏರಿಯ ಮೇಲೆ ಎತ್ತರದಲ್ಲಿ ಹೋಗುವುದರಿಂದ ಕೆಳಗೆ ಒಂದು ಕಂಡಿ ಬಿಟ್ಟರೆ ದನಗಳು ಸುಮ್ಮನೆ ನುಸುಳಿ ಹೋಗುತ್ತವೆ. ಬಿಡದಿದ್ದರೆ ಲಾರಿಗಳ ಎದುರಿಗೇ ಹತ್ತಿ ಇಳಿಯಬೇಕು. ಆ ಸಂಜೆಯೇ ರೊಪ್ಪಕ್ಕೆ ಹೋಗಿ ಅಣ್ಣನಿಗೆ ಹೇಳಿದೆ.

ಎರಡು ದಿನ ಬಿಟ್ಟು ಅಣ್ಣ ಕಚೇರಿಗೆ ಬಂದ. ಅವನು ಆ ಕಟ್ಟಡದ ಮೆಟ್ಟಿಲು ಹತ್ತಿದ್ದು ಅದೇ ಮೊದಲು, ಅದೇ ಕೊನೆ. ಸಾಹೇಬರು ಕುರ್ಚಿ ತೋರಿಸಿದರು. ಅವನು ಕೂರಲಿಲ್ಲ.

"ರಸ್ತೆ ಮಾಡ್ರಿ ಸಾಮೀ, ಬ್ಯಾಡ ಅನ್ನಾಕೆ ಬಂದಿಲ್ಲ. ದನ ಹೋಗಾಕೆ ಒಂದು ಕಂಡಿ ಬಿಡ್ರಿ, ಅಷ್ಟೇ."

"ಎಷ್ಟು ದನ ಇವೆ?" ಎಂದು ಸಾಹೇಬರು ಕೇಳಿದರು.

"ಅದಾವೆ ಸಾಮೀ."

"ಇವೆ ಅಂತ ಗೊತ್ತಾಯ್ತು. ಎಷ್ಟಿವೆ?"

"ಭಾಳ ಅದಾವೆ."

ಸಾಹೇಬರು ನಕ್ಕರು. ಕೆಟ್ಟವರಲ್ಲ, ದೂರದ ಊರಿನವರು, ವಯಸ್ಸಾದವರು. ಅಣ್ಣ ಹೋದ ಮೇಲೆ ನನ್ನನ್ನು ಕರೆದು ವಿವರಿಸಿದರು. "ನೋಡಮ್ಮ, ಕಂಡಿ ಬಿಡಬಹುದು. ಆದ್ರೆ ಮೇಲಿನವರಿಗೆ ನಾನು ಲೆಕ್ಕ ತೋರಿಸಬೇಕು. ಮುಂದಿನ ವಾರ ಹೇಗೂ ಎಣಿಕೆ ಮಾಡಿಸ್ತಿದ್ದೀವಿ. ಆ ದಾರೀಲಿ ಇಷ್ಟು ಜಾನುವಾರು ಓಡಾಡ್ತವೆ ಅಂತ ಹಾಳೆ ಮೇಲೆ ಬರಲಿ, ಮುಂದಿನದು ನನಗೆ ಬಿಡು." ಹೊಸ ರಸ್ತೆ ಎಲ್ಲೆಲ್ಲಿ ಹಳೆಯ ದಾರಿಗಳನ್ನು ಹಾಯುತ್ತದೋ ಅಲ್ಲೆಲ್ಲ ಒಬ್ಬೊಬ್ಬರು ಮೂರು ದಿನ ಕೂತು, ಹಾದು ಹೋದದ್ದನ್ನೆಲ್ಲ ಗೀಟು ಹಾಕಿ ಗುರುತು ಮಾಡಬೇಕಿತ್ತು. ನನ್ನಿವಾಳದ ದನದ ದಾರಿಗೆ ನನ್ನನ್ನೇ ಹಾಕಿ ಸಾರ್ ಎಂದು ನಾನೇ ಬೇಡಿಕೊಂಡೆ. ಬೇರೆ ಯಾರಾದರೂ ಕೂತರೆ ಬೀಡಿ ಸೇದುತ್ತ ಮೈಮರೆತಾರು ಎಂಬ ಭಯ ನನಗೆ.

ನನ್ನ ಜೊತೆಗೆ ಕಚೇರಿಯ ಜೀಪಿನ ಡ್ರೈವರ್ ಇದ್ದರು. ಚಳ್ಳಕೆರೆಯ ಹಳೆಯ ಮೆಕ್ಯಾನಿಕ್ ಮನೆತನದವರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು, ಅವರು ನನ್ನನ್ನು ಬೇಟಿ ಎನ್ನುತ್ತಿದ್ದರು. ಬೆಳಿಗ್ಗೆ ಜಾಲಿ ಮರದ ಕೆಳಗೆ ಸ್ಟೂಲು ಹಾಕಿಕೊಂಡು ಕೂತೆ. ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಹಾಳೆ. ಹಾಳೆಯಲ್ಲಿ ಸೈಕಲ್ಲಿಗೊಂದು, ಗಾಡಿಗೊಂದು, ಜೀಪಿಗೊಂದು, ಜಾನುವಾರಿಗೊಂದು ಕಾಲಂ. ಯಾರದೋ ಎರಡು ಎಮ್ಮೆ ಬಂದವು. ಎರಡು ಗೀಟು ಹಾಕಿದೆ.

ಆಮೇಲೆ ಧೂಳು ಎದ್ದಿತು. ಮುಂದೆ ದೊಡ್ಡ ಕೊಂಬಿನ ಬಿಳಿ ಹೋರಿ, ಅದರ ಹಿಂದೆ ಮಿಕ್ಕವು, ಎಲ್ಲಕ್ಕೂ ಹಿಂದೆ ಅಣ್ಣ. ನಾನು ಪೆನ್ನನ್ನು ರಟ್ಟಿನ ಮೇಲಿಟ್ಟೆ. ರಟ್ಟನ್ನು ಸ್ಟೂಲಿನ ಮೇಲಿಟ್ಟೆ. ಚಪ್ಪಲಿ ಬಿಟ್ಟು ಎದ್ದು ನಿಂತು ಕೈಮುಗಿದೆ. ಯೋಚನೆ ಮಾಡಿ ಮಾಡಿದ್ದಲ್ಲ ಅದು. ಕೊನೆಯ ಕರು ದಾಟಿ ಧೂಳು ಇಳಿಯುವವರೆಗೂ ಹಾಗೇ ನಿಂತಿದ್ದೆ. ಅಣ್ಣ ಮಾತಾಡಿಸಲಿಲ್ಲ, ದನದ ಹಿಂದೆ ಹೊರಟವನು ದಾರಿಯಲ್ಲಿ ಯಾರನ್ನೂ ಮಾತಾಡಿಸುವುದಿಲ್ಲ. ಮತ್ತೆ ಕೂತು ಹಾಳೆ ನೋಡಿದಾಗ ಅಲ್ಲಿ ಎಮ್ಮೆಗಳ ಎರಡು ಗೀಟು ಮಾತ್ರ ಇದ್ದವು.

ಸಂಜೆಯೂ ಹಾಗೇ ಆಯಿತು. ಮರುದಿನವೂ ಹಾಗೇ. ಪ್ರತಿ ಸಲ ಧೂಳು ಕಂಡಾಗ, ಈ ಸಲ ಕಣ್ಣಲ್ಲೇ ಲೆಕ್ಕ ಹಿಡಿದುಬಿಡೋಣ ಎಂದುಕೊಳ್ಳುತ್ತಿದ್ದೆ. ಪ್ರತಿ ಸಲವೂ ಎದ್ದು ನಿಲ್ಲುತ್ತಿದ್ದೆ. ಮೂರನೆಯ ದಿನ ವಾಪಸು ಬರುವಾಗ ಜೀಪಿನಲ್ಲಿ ಚಾಚಾ ಮೆಲ್ಲಗೆ ಹೇಳಿದರು, "ಬೇಟಿ, ನೀವು ಎಣಿಸಲ್ಲ ಅಂತ ನಂಗೆ ಗೊತ್ತಾಯ್ತು. ನಂಗೇನು ಅಂಥಾದ್ದು ಇಲ್ಲ ನೋಡಿ. ನಾನು ಎಣಿಸ್ಕೊಂಡಿದೀನಿ, ಹೇಳ್ತೀನಿ, ಬರ್ಕೊಳ್ಳಿ."

ನನ್ನ ಮೂಗಿನ ತುದಿಯ ಸಿಟ್ಟು ಆಗ ಬರಬಾರದಿತ್ತು. "ನಿಮ್ಮನ್ನ ಯಾರು ಕೇಳಿದ್ರು ಚಾಚಾ? ಬಾಯಿ ಮುಚ್ಕೊಂಡು ಗಾಡಿ ಓಡಿಸ್ರಿ!" ಎಂದೆ. ಕಿವಿಯನ್ನೂ ಮುಚ್ಚಿಕೊಂಡೆ. ತಂದೆಯ ವಯಸ್ಸಿನವರು, ಉಪಕಾರ ಮಾಡಲು ಬಂದವರು. ಬೈದದ್ದಕ್ಕೆ ಮರುದಿನ ಕ್ಷಮೆ ಕೇಳಿದೆ. ಲೆಕ್ಕ ಮಾತ್ರ ಕೇಳಲಿಲ್ಲ.

ಹಾಳೆ ನೋಡಿ ಸಾಹೇಬರು ಕನ್ನಡಕ ತೆಗೆದರು. ಮೂರು ದಿನಕ್ಕೆ ಒಂದಿಷ್ಟು ಎಮ್ಮೆ, ಒಂದು ಒಂಟಿ ಹಸು, ಯಾರದೋ ಮೇಕೆಗಳು. "ಎಲ್ಲಮ್ಮ ನಿಮ್ಮಣ್ಣನ ದನ?" ನಾನು ತಡವರಿಸುತ್ತ ನಮ್ಮ ಮನೆಯ ಕಟ್ಟಳೆ ಹೇಳಿದೆ. ಅವರು ಬೈಯಲಿಲ್ಲ. "ಆಯ್ತು, ನೀನು ಎಣಿಸಬೇಡ. ಅಂದಾಜಿಗೆ ಒಂದು ಸಂಖ್ಯೆ ಹೇಳು. ನನ್ನ ಕೈಯಲ್ಲೇ ಬರ್ಕೊತೀನಿ. ಹೆಚ್ಚೂಕಮ್ಮಿ ಆದ್ರೂ ಚಿಂತಿಲ್ಲ." ಬಾಯಿ ತೆರೆದೆ. ಅವ್ವ ಹೊಡೆದ ಜಾಗ ಇನ್ನೂ ಉರಿಯುತ್ತಿದೆಯೇನೋ ಅನ್ನಿಸಿತು. ದೊಡ್ಡವ್ವನ ಮಾತು ನೆನಪಾಯಿತು. ಒಂದು ಸಂಖ್ಯೆ ಹೇಳಿಬಿಟ್ಟರೆ ನಾನು ನಿಜವಾಗಿ ಪೇಟೆಯವಳಾಗಿಬಿಡುತ್ತೇನೆ ಅನ್ನಿಸಿತು.

"ನಾಳೆ ಹೇಳ್ತೀನಿ ಸಾರ್" ಎಂದೆ. ನಾಳೆಯೂ ನಾಳೆ ಎಂದೆ. ಶನಿವಾರ ಹಾಳೆಗಳೆಲ್ಲ ಮೇಲಿನ ಕಚೇರಿಗೆ ಹೋದವು.

ಕೆಲವು ತಿಂಗಳ ಮೇಲೆ ಉತ್ತರ ಬಂತು. ಓಡಾಟ ಇಷ್ಟು ಕಡಿಮೆ ಇರುವ ದಾರಿಗೆ ಕಂಡಿಯ ಅಗತ್ಯವಿಲ್ಲ. ಬರೆದವರನ್ನು ನಾನು ದೂರಲಾರೆ, ನಾನು ಕಳಿಸಿದ ಹಾಳೆ ನೋಡಿದರೆ ಯಾರಾದರೂ ಹಾಗೇ ಬರೆಯುತ್ತಿದ್ದರು. ನಾನು ಕೊನೆಯ ನಕ್ಷೆಯನ್ನು ಶಾಯಿಯಲ್ಲಿ ಇಳಿಸಿದೆ. ಎಲ್ಲೂ ಕಂಡಿ ಇಲ್ಲದ ನೇರವಾದ ಗೆರೆ. ಸಾಹೇಬರು ಶಹಬ್ಬಾಸ್ ಎಂದದ್ದು ಇದಕ್ಕೇ. ಅಷ್ಟರಲ್ಲಿ ಅವರಿಗೆ ನಮ್ಮ ದನದ ಮಾತು ಮರೆತೇಹೋಗಿತ್ತು. ಮುಂದಿನ ವರ್ಷ ಅವರಿಗೆ ವರ್ಗವೂ ಆಯಿತು.

ಅಣ್ಣನಿಗೆ, "ಮೇಲಿನೋರು ಒಪ್ಪಲಿಲ್ಲ" ಎಂದಷ್ಟೇ ಹೇಳಿದೆ. ಸುಳ್ಳಲ್ಲ ನೋಡಿ! ಅರ್ಧ ನಿಜ ಹೇಳಿ ತಪ್ಪಿಸಿಕೊಳ್ಳುವುದನ್ನು ಕಚೇರಿ ಅಷ್ಟು ಬೇಗ ಕಲಿಸಿತ್ತು. "ಇರ್ಲಿ ಬಿಡು ತಂಗೀ, ನೀನೇನು ಮಾಡ್ತೀಯಾ" ಎಂದು ಅವನೇ ನನ್ನನ್ನು ಸಮಾಧಾನ ಮಾಡಿದ.

ರಸ್ತೆ ಆಗಲು ವರ್ಷಗಳು ಹಿಡಿದವು. ಆದ ಮೇಲೆ ಊರಿಗೆ ಒಳ್ಳೆಯದೇ ಆಯಿತು. ಲಾರಿಗಳು ಹೊರಗಿನಿಂದಲೇ ಹೋದವು, ನನ್ನ ಬಸ್ಸು ಸಮಯಕ್ಕೆ ಸರಿಯಾಗಿ ನಿಲ್ದಾಣ ಸೇರತೊಡಗಿತು. ಅಣ್ಣ ಒಂದು ಕೆಂಪು ಟವೆಲ್ ಸಂಪಾದಿಸಿದ. ದನಗಳು ಏರಿ ಹತ್ತುವ ಮೊದಲು ತಾನು ಮೇಲೆ ಹೋಗಿ ರಸ್ತೆಯ ನಡುವೆ ನಿಂತು ಟವೆಲ್ ಬೀಸುತ್ತಿದ್ದ. ಮೊದಮೊದಲು ಲಾರಿಗಳು ನಿಲ್ಲುತ್ತಿದ್ದವು. ದೇವರ ದನವೆಂದು ಗೊತ್ತಿದ್ದವರು ಸ್ಟೇರಿಂಗ್ ಬಿಟ್ಟು ಕೈಮುಗಿಯುತ್ತಿದ್ದರು. ಬರಬರುತ್ತ ಹೊರಗಿನ ಗಾಡಿಗಳು ಹೆಚ್ಚಾದವು. ಬಸ್ಸಿನ ಕಿಟಕಿಯಿಂದ ದೂರದಲ್ಲಿ ಆ ಕೆಂಪು ಬಟ್ಟೆ ಕಂಡರೆ ಸಾಕು, ನನ್ನ ಕೈ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತಿತ್ತು.

ಅದು ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ. ಹೊಸ ರಸ್ತೆಯ ಹತ್ತಿರ ನಮ್ಮ ಬಸ್ಸು ನಿಂತಿತು. ಕಂಡಕ್ಟರ್ ಇಳಿದು ನೋಡಿ ಬಂದು, "ದನಕ್ಕೆ ಲಾರಿ ಹೊಡ್ದೈತೆ, ಹೊತ್ತಾಗ್ತೈತೆ" ಎಂದ. ನಾನು ಇಳಿದು ಓಡಿದೆ. ಒದ್ದೆ ರಸ್ತೆಯಲ್ಲಿ ಬ್ರೇಕು ಹಿಡಿದಿರಲಿಲ್ಲ. ಅಣ್ಣ ಡಾಂಬರಿನ ಮೇಲೆ ಕೂತಿದ್ದ, ಆ ಬಿಳಿ ಹೋರಿಯ ತಲೆ ಅವನ ತೊಡೆಯ ಮೇಲಿತ್ತು. ಸುತ್ತ ಇನ್ನೂ ಕೆಲವು ಸತ್ತು ಬಿದ್ದಿದ್ದವು. ಅವನ ಬಲಗಾಲು ತಿರುಗಬಾರದ ಕಡೆಗೆ ತಿರುಗಿತ್ತು. ಅದು ಅವನಿಗೆ ತಿಳಿದ ಹಾಗೆಯೇ ಇರಲಿಲ್ಲ. ಲಾರಿಯವನು, ಯಾವ ಊರಿನವನೋ, ಏರಿಯ ಪಕ್ಕ ಕೂತು ಅಳುತ್ತಿದ್ದ.

ಪೊಲೀಸಿನವನು ಪುಸ್ತಕ ತೆಗೆದು ಎಷ್ಟು ದನ ಸತ್ತಿವೆ ಎಂದು ಕೇಳಿದ. ಅಣ್ಣ ಉತ್ತರ ಕೊಡಲಿಲ್ಲ, ನಾನೂ ಕೊಡಲಿಲ್ಲ. ಅವನು ಲಾಠಿಯ ತುದಿಯಿಂದ ಒಂದೊಂದನ್ನೇ ತೋರಿಸುತ್ತ ಗಟ್ಟಿಯಾಗಿ ಎಣಿಸಿದ. ಬರೆದುಕೊಂಡ. ಆ ಸಂಖ್ಯೆ ನನಗೆ ಗೊತ್ತಿದೆ, ಆದರೆ ಇಲ್ಲಿ ಬರೆಯುವುದಿಲ್ಲ. ಮೂರು ದಿನ ಜಾಲಿ ಮರದ ಕೆಳಗೆ ಕೂತು ನಾನು ಮಾಡಲಾರದೆ ಹೋದದ್ದನ್ನು ಅವನು ಎರಡು ನಿಮಿಷದಲ್ಲಿ ಮುಗಿಸಿದ್ದ.

ಸತ್ತ ದನಗಳಿಗೆ ಹೊಸ ಬಟ್ಟೆ ತಂದು ಹೊದಿಸಿ ಮಣ್ಣು ಮಾಡಿದರು. ಅಣ್ಣನನ್ನು ದೊಡ್ಡಾಸ್ಪತ್ರೆಗೆ ಸೇರಿಸಿದ್ದರಿಂದ ಅವನು ಅದನ್ನು ನೋಡಲಿಲ್ಲ. ಕಾಲಿಗೆ ರಾಡು ಹಾಕಿದರು. ನಡೆಯಬಲ್ಲವನಾದ, ಆದರೆ ದನದ ಹಿಂದೆ ಓಡಬಲ್ಲವನಾಗಲಿಲ್ಲ. ಹಿರಿಯರು ಕೂತು ಮಾತಾಡಿ, ಇನ್ನು ಈ ರಸ್ತೆಯ ಸಹವಾಸ ಬೇಡವೆಂದು ಉಳಿದ ದನಗಳನ್ನು ಮೊಳಕಾಲ್ಮೂರಿನ ಕಡೆಯ ಗುಡ್ಡಗಳಿಗೆ ಕಳಿಸಿದರು. ಬೇರೆ ಕಿಲಾರಿಯನ್ನು ಗೊತ್ತು ಮಾಡಿದರು. ಅಣ್ಣ ದನಗಳ ಹಿಂದೆಯೇ ಹೋದ. ಹೊಸ ಕಿಲಾರಿಗೆ ಅಡಿಗೆ ಮಾಡಿ ಹಾಕುತ್ತ, ನೀರು ತುಂಬುತ್ತ ಅಲ್ಲೇ ಉಳಿದ. ಅವ್ವ ಎಷ್ಟು ಕರೆದರೂ ಮನೆಗೆ ಬರಲಿಲ್ಲ.

ಆಮೇಲೆ ಆ ಜಾಗದಲ್ಲಿ ಒಂದು ಬೋರ್ಡು ನಿಲ್ಲಿಸಿದರು. ದನ ದಾಟುವ ಸ್ಥಳ, ನಿಧಾನವಾಗಿ ಚಲಿಸಿ. ಜೊತೆಗೊಂದು ಹಸುವಿನ ಚಿತ್ರ, ಡುಬ್ಬವಿಲ್ಲದ ಸೀಮೆಹಸು. ದಾಟುವ ದನವೇ ಇಲ್ಲದ ಕಡೆ ಅದೊಂದು ಬಿಸಿಲಿಗೆ ನಿಂತಿತ್ತು. ದಿನಾ ಎರಡು ಸಲ ಅದನ್ನು ಹಾದು ಹೋಗುತ್ತಿದ್ದೆ. ಹೀಗೇ ಒಂದು ವರ್ಷ ಕಳೆಯಿತು. ಇನ್ನು ಹೇಳದೆ ಇರಲಾರೆ ಅನ್ನಿಸಿ, ಒಂದು ಭಾನುವಾರ ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ತೆಗೆದುಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಣ್ಣ, ಕಂಡಿ ಸಿಗದೆ ಹೋದದ್ದು ಮೇಲಿನವರಿಂದಲ್ಲ, ನನ್ನಿಂದ. ಹಾಳೆಯಲ್ಲಿ ನಿನ್ನ ದನ ಬರೆಯಲಿಲ್ಲ. ಚಾಚಾ ಹೇಳಲು ಬಂದರು, ಕೇಳಲಿಲ್ಲ. ಸಾಹೇಬರು ಸುಮ್ಮನೆ ಒಂದು ಸಂಖ್ಯೆ ಹೇಳು ಎಂದರು, ಹೇಳಲಿಲ್ಲ. ಬೈಯಿ, ಹೊಡಿ, ಮುಖ ನೋಡಬೇಡ ಅನ್ನು. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ನಾನು ಅಳುವುದನ್ನು ನೋಡಿ ತೆಲುಗಿನಲ್ಲಿ ಏನೋ ಕೇಳಿದಳು. ತಲೆನೋವು ಎಂದೆ.

ರೊಪ್ಪದ ಹೊರಗೆ ಬೇವಿನ ಮರದಡಿ ಅಣ್ಣ ಕೂತಿದ್ದ. ದೂರದಲ್ಲಿ ಜಟಿಂಗ ರಾಮೇಶ್ವರದ ಬೆಟ್ಟ ಕಾಣುತ್ತಿತ್ತು. ಬಹಳ ಸೊರಗಿದ್ದ, ಆದರೆ ನನ್ನನ್ನು ಕಂಡು ಅವನ ಮುಖ ಅರಳಿತು. "ರಾ ತಂಗೀ ರಾ, ಕುಂದ್ರು. ಇಲ್ಲಿರೋ ಜನಕ್ಕೆ ಕನ್ನಡ ಅರ್ಧ, ತೆಲುಗು ಅರ್ಧ. ದನಾನೂ ಹಂಗೇ ಆಗ್ಯಾವೆ" ಎಂದು ನಕ್ಕ. ರೊಟ್ಟಿ ಬಿಚ್ಚಿ ಬಡಿಸಿದೆ. ಅವನು ಎರಡು ತುತ್ತು ತಿಂದ ಮೇಲೆ ನಾನು ಶುರು ಮಾಡಿದೆ. "ಅಣ್ಣ, ಆವತ್ತು ನಾನು ಎಣಿಕೆಗೆ ಕುಂತಿದ್ನಲ್ಲ..."

"ಗೊತ್ತು ಬಿಡು" ಎಂದ.

"ಜಾಲಿ ಮರದ ಕೆಳಗೆ. ನಾನು ದೂರದಿಂದ್ಲೇ ನೋಡ್ದೆ. ನೀನು ಕೈಯಾಗೆ ಪೆನ್ನು ಹಿಡ್ದು ಕುಂತಿದ್ದೆ. ನಂಗೆ ಎದೆ ಹೊಡ್ಕೊಂತು. ಓದ್ದೋಳು, ನೌಕ್ರಿಯೋಳು, ಇವತ್ತು ಎಣಿಸೇ ಬಿಡ್ತಾಳೆ ಅಂತ. ನೋಡಿದ್ರೆ ನೀನು ಪೆನ್ನು ಕೆಳಗಿಟ್ಟು, ಚಪ್ಲಿ ಬಿಟ್ಟು ಎದ್ದು ನಿಂತೆ. ಅವತ್ತು ದನ ರೊಪ್ಪಕ್ಕೆ ಕೂಡಿದ್ದೇ ತಡ, ಮನೆಗೆ ಓಡಿ ಬಂದು ಅವ್ವಗೆ ಹೇಳ್ದೆ, ನಿನ್ ಮಗಳು ಪ್ಯಾಟೆ ಪಾಲಾಗಿಲ್ಲ, ನಮ್ಮೋಳೇ ಉಳ್ದಾಳೆ ಅಂತ. ಅವ್ವ ಅತ್ತೇಬಿಟ್ಳು. ಇಲ್ಲಿ ಒಬ್ನೇ ಕುಂತಾಗ ಕಾಲು ಹೋತು, ದನ ಹೋದ್ವು ಅಂತ ಭಾಳ ಸಂಕಟ ಆಗ್ತೈತೆ ತಂಗೀ. ಆವಾಗ ಅದೊಂದು ನೆನಸ್ಕೊಂತೀನಿ. ಸಮಾಧಾನ ಆಗ್ತೈತೆ."

ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಅವನ ಬಳಿ ಉಳಿದಿದ್ದ ಸಮಾಧಾನ ಅದೊಂದೇ, ಅದನ್ನು ಕಿತ್ತುಕೊಳ್ಳಲು ನನ್ನಿಂದ ಆಗಲಿಲ್ಲ.

"ಇನ್ನೊಂದು ರೊಟ್ಟಿ ಹಾಕ್ಲಾ ಅಣ್ಣ?" ಎಂದು ಕೇಳಿದೆ.

"ಹಾಕು" ಎಂದ.